ನೀರು ಹೊಡೆಯದ ಪಲ್ಯ

ನಮ್ಮೂರಿನ ಕಾಯಿಪಲ್ಯ ಬಜಾರಿನ ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದದ್ದಕ್ಕೆ ಕಾರಣ ದೊಡ್ಡದೇನಿಲ್ಲ. ಆಫೀಸಿನಲ್ಲಿ ಕಾಗುಣಿತ ತಪ್ಪದೆ ನಾಲ್ಕು ಪುಟ ಬರೆಯುವವನು ನಾನೊಬ್ಬನೇ ಎಂಬ ಹೆಸರಿತ್ತು. ಪುರಸಭೆಯಲ್ಲಿ ಗುಮಾಸ್ತ ನಾನು. ಊರು ಯಾವುದೆಂದು ಹೇಳುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರಕ್ಕೂ ಇಲ್ಲಿಂದ ಬಸ್ಸಿದೆ ಎಂದರೆ ಸಾಕು. ಮಾಡಿದ ತಪ್ಪು ನನ್ನದು, ಅದಕ್ಕೆ ಊರಿನ ಹೆಸರು ಯಾಕೆ ಕೆಡಿಸಲಿ.

ಬಜಾರು ನಿಜಾಮರ ಕಾಲದ್ದು. ಸುತ್ತ ಕಲ್ಲಿನ ಗೋಡೆ, ಒಂದು ಕಮಾನಿನ ಗೇಟು, ಒಳಗೆ ಎರಡು ಸಾಲು ಕಲ್ಲಿನ ಕಟ್ಟೆಗಳು. ಕಟ್ಟೆಗೆ ಇಲ್ಲಿ ಚಬೂತ್ರ ಅನ್ನುತ್ತಾರೆ. ನಡುವೆ ನೀರು ತುಂಬಿಡುವ ಕಲ್ಲಿನ ತೊಟ್ಟಿ, ಅದು ಹೌಜು. ಚಬೂತ್ರದವರು ತಾಸಿಗೊಮ್ಮೆ ಹೌಜಿನಿಂದ ಚರಿಗೆ ತುಂಬಿ ತಂದು ತಪ್ಪಲಪಲ್ಯಕ್ಕೆ ನೀರು ಹೊಡೆಯುತ್ತಿದ್ದರು. ಬೇಸಿಗೆಯಲ್ಲೂ ಅವರ ಮೆಂತ್ಯೆ, ಕೋತಂಬರಿ ಸಂಜೆ ತನಕ ಹಸಿರಾಗಿ ನಗುತ್ತಿದ್ದವು. ಗೇಟಿನ ಹೊರಗೆ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂಡುವ ಒಂಬತ್ತು ಮಂದಿ ಹೆಣ್ಣುಮಕ್ಕಳಿದ್ದರು. ಅವರ ಪಲ್ಯ ಹತ್ತು ಗಂಟೆಗೆಲ್ಲ ಬಾಡಿ ತಲೆ ಬಾಗಿಸುತ್ತಿತ್ತು.

ಗೋಡೆ ವಾಲಿತ್ತು, ತಗಡು ಸೋರುತ್ತಿತ್ತು. ಹಳೆಯದನ್ನು ಕೆಡವಿ ಹೊಸ ಮಾರ್ಕೆಟ್ ಕಟ್ಟಲು ಮಂಜೂರಿ ಬಂತು. ಫೈಲಿಗೆ ಒಂದು ಟಿಪ್ಪಣಿ ಬೇಕಿತ್ತು: ಬಜಾರಿನ ಇತಿಹಾಸ ಮತ್ತು ಈಗಿರುವ ವ್ಯಾಪಾರದ ಪದ್ಧತಿ. ಮುಖ್ಯಾಧಿಕಾರಿಗಳು ನನ್ನನ್ನು ಕರೆದು, “ಹದಿನೈದು ಪುಟ ಸಾಕ್ರಿ. ಓದಿದ್ರ ಚಂದ ಅನಸಬೇಕು. ಯಾರು ಎಲ್ಲಿ ಕುಂದ್ರತಾರ, ಯಾರಿಗೆ ಏನು ಬೇಕು, ಅದನ್ನೂ ಬರೀರಿ. ಇಂಜಿನಿಯರ್ ಅದನ್ನ ನೋಡಿನೇ ನಕ್ಷಾ ಮಾಡ್ತಾರ,” ಅಂದರು. ನಾನು ಹಿಗ್ಗಿದೆ. ದಿನಾ ನಳದ ಅರ್ಜಿ, ಜನನ ಮರಣದ ದಾಖಲೆ ಬರೆಯುವ ಕೈಗೆ ಇತಿಹಾಸ ಸಿಕ್ಕರೆ ಯಾರು ಹಿಗ್ಗುವುದಿಲ್ಲ?

ದಫ್ತರಿನ ಕಪಾಟಿನಲ್ಲಿ ಹಳೆಯ ತಹಬಜಾರಿ ರಿಜಿಸ್ಟರ್ ಒಂದು ಉಳಿದಿತ್ತು. ಬಜಾರಿನಲ್ಲಿ ಯಾರು ಎಲ್ಲಿ ಕೂಡಬೇಕು, ಯಾವ ಷರತ್ತಿನ ಮೇಲೆ ಎಂದು ಆ ಕಾಲದ ಗುಮಾಸ್ತನೊಬ್ಬ ಬರೆದಿಟ್ಟದ್ದು. ಪೂರ್ತಿ ಉರ್ದು. ನನಗೆ ಉರ್ದು ಆಡಲು ಬರುತ್ತದೆ, ಓದಲು ಒಂದಕ್ಷರ ಬಾರದು. ನಿವೃತ್ತ ಉರ್ದು ಮಾಸ್ತರರೊಬ್ಬರನ್ನು ಹುಡುಕಿಕೊಂಡು ಹೋದೆ. ಊರೆಲ್ಲ ಅವರನ್ನು ಉಸ್ತಾದರು ಅನ್ನುತ್ತಿತ್ತು. ಮುಂಜಾನೆ ಆಫೀಸಿಗೆ ಮೊದಲು ಒಂದೂವರೆ ತಾಸು ಅವರ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಅವರು ಭೂತಗನ್ನಡಿ ಹಿಡಿದು ಒಂದು ಸಾಲನ್ನು ಮೊದಲು ಮನಸ್ಸಿನಲ್ಲಿ ಓದಿ, ಆಮೇಲೆ ಉರ್ದುವಿನಲ್ಲಿ ಗಟ್ಟಿಯಾಗಿ ಓದಿ, ಮೂರನೇ ಸಲ ಕನ್ನಡದಲ್ಲಿ ಹೇಳುತ್ತಿದ್ದರು. “ಈ ಮನಷ್ಯಾನ ಅಕ್ಷರ ನೋಡ್ರಿ, ಇರುವಿ ಮಸಿಯೊಳಗ ಬಿದ್ದು ಓಡಿದಂಗ ಅದ,” ಎಂದು ನಗುತ್ತಿದ್ದರು.

ನನ್ನದೊಂದು ಪದ್ಧತಿ ಮಾಡಿಕೊಂಡಿದ್ದೆ. ನೋಟುಬುಕ್ಕಿನ ಎಡಪುಟದಲ್ಲಿ ರಿಜಿಸ್ಟರ್ ಹೇಳಿದ್ದು, ಬಲಪುಟದಲ್ಲಿ ಬಜಾರಿನ ಜನ ಹೇಳಿದ್ದು. ಎರಡೂ ಕಡೆ ಕೂಡಿ ಬಂದರೆ ಮಾತ್ರ ಟಿಪ್ಪಣಿಗೆ ಏರಿಸುವುದು. ಮೂರನೇ ಚಬೂತ್ರ ಬದನೆಕಾಯಿಯವರದು ಎಂದು ರಿಜಿಸ್ಟರ್ ಹೇಳಿದರೆ, ಹೋಗಿ ಅಲ್ಲಿ ಕೂತವರನ್ನು ಕೇಳುತ್ತಿದ್ದೆ. “ಹೌದ್ರಿ, ನಮ್ಮ ಮುತ್ಯಾನೂ ಬದನಿಕಾಯಿನೇ ಮಾರ್ತಿದ್ದ,” ಅಂದರೆ ಟಿಕ್ಕು ಹಾಕುತ್ತಿದ್ದೆ. ಟೇಪು ಹಿಡಿದು ಚಬೂತ್ರ ಅಳೆದೆ. ಹೌಜಿನ ಆಳ ನೋಡಿದೆ. ಅಳತೆಗೆ ನನ್ನ ಕೂಡ ಆಫೀಸಿನ ಇನ್ನೊಬ್ಬ ಗುಮಾಸ್ತ ಬರುತ್ತಿದ್ದ. ಒಳ್ಳೆಯ ಮನುಷ್ಯ, ನನ್ನ ಪಕ್ಕದ ಟೇಬಲ್ಲಿನವನು. ಎರಡು ವಾರದಲ್ಲಿ ಚಬೂತ್ರಗಳೆಲ್ಲ ಮುಗಿದವು. ನನ್ನ ಪದ್ಧತಿ ನೋಡಿ ನನಗೇ ಹೆಮ್ಮೆ ಆಗುತ್ತಿತ್ತು.

ರಿಜಿಸ್ಟರಿನ ಕೊನೆಯ ಹಾಳೆಗೆ ಬಂದ ದಿನ ಉಸ್ತಾದರು ಕನ್ನಡಿಯನ್ನು ಒಂದೇ ಕಡೆ ಬಹಳ ಹೊತ್ತು ಹಿಡಿದರು. ಮೇಲೆ “ದರವಾಜಾದ ಹೊರಗೆ” ಎಂದಿತ್ತಂತೆ. ಕೆಳಗೆ ಒಂಬತ್ತು ಹೆಂಗಸರ ಹೆಸರು, ಹೆಸರಿನ ಮುಂದೆ ನಮ್ಮ ಕೇರಿಯ ಹೆಸರು. ಅದರ ಕೆಳಗೆ ಷರತ್ತು. ಉಸ್ತಾದರು ದನಿ ಇಳಿಸಿ ಹೇಳಿದರು: “ಹೌಜಿನ ನೀರು ಮುಟ್ಟಬಾರ್ದು. ಮಾಲಿಗೆ ನೀರು ಹೊಡಿಬಾರ್ದು. ಒಣಾ ಮಾಲೇ ಮಾರಬೇಕು. ತಪ್ಪಿದ್ರ ಜಾಗ ಜಪ್ತಿ.” ಕನ್ನಡಿ ಕೆಳಗಿಟ್ಟು ನನ್ನನ್ನು ನೋಡಿದರು. “ಇದು ಯಾಕಂತ ನಿಮಗ ಗೊತ್ತಿರಬೇಕಲ್ಲ?”

“ಇಲ್ರಿ,” ಅಂದೆ.

ಗೊತ್ತಿತ್ತು. ನಮ್ಮ ಕೇರಿಯ ಕೂಸಿಗೂ ಗೊತ್ತು. ನಮ್ಮವರ ಕೈಯಿಂದ ಒಣ ಪಲ್ಯ ಕೊಂಡರೆ ಮೈಲಿಗೆ ಹತ್ತುವುದಿಲ್ಲ, ಅದಕ್ಕೆ ನೀರು ತಾಗಿದರೆ ಹತ್ತುತ್ತದೆ ಎಂಬುದು ಕೊಳ್ಳುವವರ ನಂಬಿಕೆ. ಕೈಯ ದೋಷ ನೀರಿನ ಕೂಡ ಹರಿದು ಬರುತ್ತದಂತೆ. ನಮ್ಮವ್ವ ಆ ಗೇಟಿನ ಹೊರಗೆ ಕೂತು ಪುಂಡಿಪಲ್ಯ, ರಾಜಗಿರಿ ಮಾರಿ ನನ್ನನ್ನು ಓದಿಸಿದಳು. ನನಗೆ ಸುರಪುರದಲ್ಲಿ ನೌಕರಿ ಸಿಕ್ಕ ತಿಂಗಳೇ ಅವಳನ್ನು ಅಲ್ಲಿಂದ ಎಬ್ಬಿಸಿ ಕರೆದುಕೊಂಡು ಹೋದೆ. ಕೇಳಿದವರಿಗೆಲ್ಲ ಅವ್ವನಿಗೆ ಮೊಣಕಾಲು ನೋವು ಅಂದೆ. ಅವಳ ಮೊಣಕಾಲು ಗಟ್ಟಿಯಾಗಿಯೇ ಇತ್ತು. ಅವಳು ತೀರಿಕೊಂಡ ಮೇಲೆ ನನಗೆ ನಮ್ಮೂರಿಗೇ ವರ್ಗವಾಯಿತು, ಹೊಸ ಬಡಾವಣೆಯಲ್ಲಿ ಮನೆ ಹಿಡಿದೆ.

ನನ್ನ ಜಾತಿ ಆಫೀಸಿನವರಿಗೆ ಗೊತ್ತಿತ್ತು, ಸರ್ವಿಸ್ ಬುಕ್ಕಿನಲ್ಲೇ ಇದೆ. ನಾನು ಮುಚ್ಚಿಟ್ಟದ್ದು ಗೇಟನ್ನು. ನಮ್ಮದು ಹೊಲಮನಿ ಇದ್ದ ಕುಟುಂಬ, ಅವ್ವ ಮನೆಯಲ್ಲೇ ಇದ್ದವಳು ಎಂದು ಹೇಳಿಕೊಂಡಿದ್ದೆ. ಕಾಗದದ ಮೇಲಿನ ಜಾತಿಗೆ ಯಾರೂ ಏನೂ ಅನ್ನುವುದಿಲ್ಲ. ಆದರೆ ನಾನು ದಿನಾ ಕೂಡಿ ಊಟ ಮಾಡುವವರ ಕಣ್ಣಿನಲ್ಲಿ ನಮ್ಮವ್ವ ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಕೂತದ್ದು ಮೂಡಬಾರದು ಎಂದು ನನಗಿತ್ತು. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಆ ದಿನ ಎಡಪುಟದಲ್ಲಿ ಷರತ್ತನ್ನು ಇದ್ದಂತೆ ಬರೆದುಕೊಂಡೆ. ಬಲಪುಟ ತುಂಬಿಸಲು ಮರುದಿನ ಗೇಟಿಗೆ ಹೋಗಬೇಕಾಯಿತು. ಪಕ್ಕದ ಟೇಬಲ್ಲಿನವನೂ ಟೇಪು ಹಿಡಿದು ಜೊತೆಗೆ ಬಂದ. ಸಾಲಿನ ತುದಿಯಲ್ಲಿ ನಮ್ಮ ಚಿಗವ್ವ ಕೂತಿದ್ದಳು. ಚಿಗವ್ವ ಅಂದರೆ ಅವ್ವನ ತಂಗಿ. ಇವಳು ಒಡಹುಟ್ಟಿದವಳೇನಲ್ಲ, ನಮ್ಮವ್ವನ ಮಗ್ಗುಲಲ್ಲಿ ಬುಟ್ಟಿ ಇಟ್ಟು ಕೂತವಳು. ಅವ್ವ ತೀರಿದ ದಿನ ಸುರಪುರಕ್ಕೆ ಮೊದಲು ಬಂದವಳು ಅವಳೇ. ನಾನು ಊರಿಗೆ ಬಂದ ಮೇಲೆ ಆ ದಾರಿ ಬಿಟ್ಟು ಸುತ್ತು ಹಾಕಿ ಆಫೀಸಿಗೆ ಹೋಗುತ್ತಿದ್ದೆ. ನನ್ನನ್ನು ನೋಡಿದಳು. ಜೊತೆಗಿದ್ದವನನ್ನೂ ನೋಡಿದಳು. ಕೊರಳಲ್ಲಿ ಜೋತಾಡುತ್ತಿದ್ದ ನನ್ನ ಗುರುತಿನ ಚೀಟಿ ನೋಡಿದಳು.

“ಬರ್ರಿ ಸಾಹೇಬ್ರ,” ಅಂದಳು. “ಏನು ಬರಕೋಬೇಕ್ರಿ?”

ನನ್ನ ಮರ್ಯಾದೆ ಕಾಯಲು ಅವಳು ನನ್ನನ್ನು ಅಪರಿಚಿತನನ್ನಾಗಿ ಮಾಡಿದಳು. ನಾನು ಅದನ್ನು ತೆಗೆದುಕೊಂಡೆ, ಮನಸ್ಸಿನಲ್ಲೇ ನೆಮ್ಮದಿಯನ್ನೂ ಪಟ್ಟೆ. ಎಷ್ಟು ವರ್ಷ ಆಯಿತು ಇಲ್ಲಿ ಕೂತು, ಪಲ್ಯ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಭೀಮರಾಯನಗುಡಿ ಕಡೆಯ ಕಾಲುವೆ ನೀರಿನ ಹೊಲಗಳಿಂದ, ಅಂದಳು. ನೀರಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಪಕ್ಕದವನೇ ಅದನ್ನು ಎತ್ತಿದ: “ಇವರ ಪಲ್ಯಕ್ಕ ನೀರು ಹೊಡದಿರಂಗಿಲ್ರಿ. ಅದಕ್ಕ ನಮ್ಮನ್ಯಾಗ ಇವರ ಕಡೇನೇ ತರ್ತೀವಿ. ಎರಡು ದಿನ ಇಟ್ರೂ ಕೊಳಿಯಂಗಿಲ್ಲ.” ಅವನು ಹೊಗಳಿಯೇ ಹೇಳಿದ. ಯಾಕೆ ಹೊಡೆಯುವುದಿಲ್ಲ ಎಂದು ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈಗ ತಿಳಿದಿಲ್ಲ, ಮರೆತಿದ್ದಾರೆ. ಚಿಗವ್ವ ಸೆರಗಿನಿಂದ ಪಲ್ಯದ ಮೇಲಿನ ನೊಣ ಓಡಿಸಿದಳು. ನಾನು ಅವನ ಮಾತನ್ನು ಬಲಪುಟಕ್ಕೆ ಬರೆದುಕೊಂಡೆ.

ಎಡಕ್ಕೊಂದು ಮಾತು, ಬಲಕ್ಕೊಂದು ಮಾತು, ಎರಡೂ ಕೂಡಲಿಲ್ಲ. ನನ್ನ ಪದ್ಧತಿಯ ಪ್ರಕಾರ ಎರಡನ್ನೂ ಬಿಡಬೇಕಿತ್ತು. ಅಷ್ಟು ಮಾಡಿದ್ದರೂ ಇವತ್ತು ಇಷ್ಟು ನಾಚಿಕೆ ಇರುತ್ತಿರಲಿಲ್ಲ. ಆದರೆ ಓದಿದರೆ ಚಂದ ಅನಿಸಬೇಕಲ್ಲ. ಟಿಪ್ಪಣಿಯ ಹನ್ನೊಂದನೇ ಪುಟದಲ್ಲಿ ಹೀಗೆ ಬರೆದೆ: “ಗೇಟಿನ ಹೆಣ್ಣುಮಕ್ಕಳು ತಪ್ಪಲಪಲ್ಯಕ್ಕೆ ನೀರು ಹೊಡೆಯುವುದಿಲ್ಲ. ಕೊಂಡವರ ಮನೆಯಲ್ಲಿ ಪಲ್ಯ ಬಾಳಿಕೆ ಬರಲೆಂಬ ಕಾಳಜಿಯಿಂದ ಈ ಪದ್ಧತಿಯನ್ನು ತಲೆತಲಾಂತರದಿಂದ ಪ್ರೀತಿಯಿಂದ ಉಳಿಸಿಕೊಂಡು ಬಂದಿದ್ದಾರೆ.” ಆ “ಪ್ರೀತಿಯಿಂದ” ಎಂಬ ಮಾತನ್ನು ಎರಡನೇ ಸಲ ತಿದ್ದುವಾಗ ಸೇರಿಸಿದ್ದು.

ಮುಖ್ಯಾಧಿಕಾರಿಗಳು ಓದಿ ಮೆಚ್ಚಿದರು. ಚಬೂತ್ರದ ವ್ಯಾಪಾರಿಗಳ ಸಂಘದವರು ಹೊಸ ಮಾರ್ಕೆಟ್ಟಿನ ಬಾಗಿಲಿಗೆ ಇತಿಹಾಸದ ಕಲ್ಲು ಕೊಡುವುದಾಗಿ ಹೇಳಿ ಕೆತ್ತಿಸಲು ಟಿಪ್ಪಣಿಯಿಂದ ಎಂಟು ಸಾಲು ಆರಿಸಿಕೊಂಡರು. ಹನ್ನೊಂದನೇ ಪುಟದ ಸಾಲು ಎಲ್ಲರಿಗೂ ಹಿಡಿಸಿ ಅದರಲ್ಲಿ ಸೇರಿತ್ತು. ಉಸ್ತಾದರಿಗೂ ಒಂದು ಪ್ರತಿ ಕೊಟ್ಟೆ. ಅವರು ಅಲ್ಲೇ ಓದಿ, ಹಾಳೆಗಳನ್ನು ಸರಿಯಾಗಿ ಜೋಡಿಸಿ ನನ್ನ ಕೈಗಿತ್ತರು. “ಕನ್ನಡ ಭಾಳ ಚಂದ ಅದ ನಿಮ್ಮದು,” ಅಂದರು. ದಿನಾ ಅನ್ನುವಂತೆ ಚಹಾ ಕುಡಿಯಿರಿ ಎಂದು ಅವತ್ತು ಅನ್ನಲಿಲ್ಲ.

ಹಳೆಯ ಬಜಾರು ಕೆಡವಿದರು. ವ್ಯಾಪಾರಿಗಳೆಲ್ಲ ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ತಾತ್ಕಾಲಿಕವಾಗಿ ಕೂತರು. ಕಂಬ ಎದ್ದವು, ಮೇಲ್ಚಾವಣಿ ಆಯಿತು. ನೆಲದ ಕಾಂಕ್ರೀಟಿಗೆ ಮೊದಲು ನೀರಿನ ಪೈಪು, ಗಟಾರ ಹಾಕುವ ನಕ್ಷೆ ಮಂಜೂರಿಗೆಂದು ನನ್ನ ಟೇಬಲ್ಲಿಗೆ ಬಂತು. ಪ್ರತಿ ನಾಲ್ಕು ಕಟ್ಟೆಗೆ ಒಂದು ನಳ, ಹಿಂದೆ ನೀರು ಹರಿಯಲು ಇಳಿಜಾರು. ಗೇಟಿನ ಹೆಣ್ಣುಮಕ್ಕಳಿಗೂ ಈಗ ಒಳಗೇ ಜಾಗ ಕೊಟ್ಟಿದ್ದರು, ಕೊನೆಯ ಸಾಲಿನಲ್ಲಿ ಒಂಬತ್ತು ಕಟ್ಟೆ. ಅದನ್ನು ನೋಡಿ ಸಂತೋಷವಾಯಿತು. ಮರುಗಳಿಗೆಗೆ ಆ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು ಕಂಡಿತು: “ಡ್ರೈ ಸಾಲು. ನಳ ಬೇಡ, ಗಟಾರ ಬೇಡ. ಟಿಪ್ಪಣಿ ಪುಟ 11 ನೋಡಿ.”

ಅದನ್ನು ಮತ್ತೊಮ್ಮೆ ಓದಿದೆ. ಗೇಟಿನ ಹೊರಗಿದ್ದಾಗ ಬಾಡಿದ ಪಲ್ಯ ಗೇಟಿನ ಹೊರಗೇ ಇತ್ತು. ಈಗ ಒಂದೇ ಚಾವಣಿಯಡಿ, ನೀರು ಕುಡಿದು ನಿಂತ ಪಲ್ಯದ ಎದುರಿಗೆ ಬಾಡಿದ್ದನ್ನು ಇಟ್ಟುಕೊಂಡು ಕೂತರೆ ಅವರ ಕಡೆಗೆ ಯಾರು ಬಂದಾರು? ಒಂದು ಬೇಸಿಗೆಯಲ್ಲಿ ಒಂಬತ್ತೂ ಮಂದಿ ಎದ್ದು ಹೋಗಬೇಕಾಗುತ್ತಿತ್ತು. ಇಷ್ಟು ತಿಳಿದೂ ನಾನು ಫೈಲನ್ನು ಎರಡು ದಿನ ಕೆಳಗಿನ ಖಾನೆಯಲ್ಲಿಟ್ಟೆ. ಫೈಲು ಖಾನೆಯಲ್ಲಿದ್ದರೆ ಸಮಸ್ಯೆಯೂ ಖಾನೆಯಲ್ಲಿರುತ್ತದೆ ಎಂದು ನಂಬುವುದು ಗುಮಾಸ್ತರ ರೋಗ.

ಮೂರನೇ ದಿನ ಚಿಗವ್ವ ಆಫೀಸಿಗೆ ಬಂದಳು, ಹಿಂದೆ ಇನ್ನಿಬ್ಬರು. ಇಂಜಿನಿಯರು ಕಟ್ಟಡದ ಹತ್ತಿರ ಅವರಿಗೆ ಹೇಳಿದ್ದರಂತೆ, ನಿಮಗೆ ನೀರು ಬೇಡ ಅಂತ ನಿಮ್ಮ ಇತಿಹಾಸದಲ್ಲೇ ಬರೆದಿದೆ, ಆಫೀಸಿನಲ್ಲಿ ಕೇಳಿ ಎಂದು.

“ಸಾಹೇಬ್ರ, ನಮ್ಮ ಸಾಲಿಗೆ ನಳ ಇಲ್ಲಂತಲ್ರಿ,” ಅಂದಳು. “ಏನ ಬರ್ದಾರಂತ ಒಂದೀಟು ಓದಿ ಹೇಳ್ರಿ. ನಮಗ ಓದಾಕ ಬರಂಗಿಲ್ಲ.”

ಪಕ್ಕದ ಟೇಬಲ್ಲಿನವನು ತಲೆ ಎತ್ತಿದ. ನಾನು ಹನ್ನೊಂದನೇ ಪುಟ ತೆಗೆದು ಓದಿದೆ. ನನ್ನದೇ ವಾಕ್ಯ, ನನ್ನದೇ ಬಾಯಿ. “ಪ್ರೀತಿಯಿಂದ” ಎಂಬಲ್ಲಿಗೆ ಬಂದಾಗ ಕೆಮ್ಮಿ ಮುಂದೆ ಹೋದೆ. ಅವಳು ಪೂರ್ತಿ ಕೇಳಿದಳು.

“ಇದನ್ನ ನಿಮಗ ಯಾರು ಹೇಳಿದ್ರಿ?”

“ಹಿರಿಯರು,” ಅಂದೆ.

“ಗೇಟಿನ ಹಿರಿಯಾಕಿ ಅಂದ್ರ ಈಗ ನಾ ಒಬ್ಬಾಕಿನೇ ಉಳದೀನ್ರಿ. ನಾ ಹೇಳಿಲ್ಲ. ನನಗಿಂತ ಹಿರಿಯಾಕಿ ತೀರಿ ಹೋಗ್ಯಾಳ. ಆಕಿ ಹಿಂಗ ಹೇಳಾಕಿ ಅಲ್ರಿ.”

ನನ್ನನ್ನು ನೆಟ್ಟಗೆ ನೋಡುತ್ತಲೇ ಹೇಳಿದಳು. ಅಷ್ಟಾದರೂ ಹೆಸರು ಹಿಡಿಯಲಿಲ್ಲ, ನಿಮ್ಮವ್ವ ಅನ್ನಲಿಲ್ಲ. ನಮಸ್ಕಾರ ಮಾಡಿ ಹೊರಟರು.

ಆ ರವಿವಾರ ಮಧ್ಯಾಹ್ನ ಅವಳ ಮನೆಗೆ ಹೋದೆ. ಕೇರಿಗೆ ಕಾಲಿಟ್ಟು ಎಷ್ಟೋ ದಿನವಾಗಿತ್ತು. ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಅವಳು ನೆಲದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೂಡು ಅನ್ನಲಿಲ್ಲ, ನಾನೇ ಕೂತೆ.

“ತಪ್ಪಾತು ಚಿಗವ್ವ.”

“ನಾ ಅವತ್ತು ಸುಮ್ಮನಿದ್ದದ್ದು ನಿನ್ನ ಸಲುವಾಗಿ,” ಅಂದಳು. “ನೀ ಯಾರ ಸಲುವಾಗಿ ಸುಮ್ಮನಿದ್ದಿ?”

ಅವಳು ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾಕುತ್ತ ಹೋದಳು. ನಾನು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದ ಕತೆಯನ್ನು ಮತ್ತೆ ಹೇಳಿದಳು. ಮದುವೆಯಾಗಿ ಬಂದ ಹೊಸತರಲ್ಲಿ, ಒಂದು ಬೇಸಿಗೆ, ಪಲ್ಯ ಬಾಡುವುದನ್ನು ನೋಡಲಾರದೆ ಮನೆಯಿಂದ ಗೋಣಿಚೀಲ ತೋಯಿಸಿ ತಂದು ಬುಟ್ಟಿಗೆ ಹೊದಿಸಿದ್ದಳು. ಕೊಳ್ಳಲು ಬಂದವಳೊಬ್ಬಳು ಕೈ ಹಾಕಿ, ತಂಪು ತಾಗಿದ್ದೇ ತಡ, ಕಿರುಚಿದಳು. ಒಳಗಿನಿಂದ ಜನ ಬಂದು ಬುಟ್ಟಿ ಎತ್ತಿ ಗಟಾರಕ್ಕೆ ಸುರುವಿದರು. “ಆವಾಗ ನಿಮ್ಮವ್ವ ತನ್ನ ಬುಟ್ಯಾಗಿನ ಅರ್ಧಾ ಪಲ್ಯ ನನ್ನ ಮುಂದ ಇಟ್ಟಳು. ಒಂದು ಮಾತು ಆಡ್ಲಿಲ್ಲ. ಮರುದಿನ ಮತ್ತ ನನ್ನ ಬಾಜೂನೇ ಬಂದು ಕುಂತಳು. ಅದನ್ನ ಪ್ರೀತಿ ಅಂತ ಬರದಿದ್ರ ನಾ ಏನೂ ಅಂತಿದ್ದಿಲ್ಲ.”

ಅಳು ಬಂತು. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. “ಅಳಬ್ಯಾಡ, ನಳ ಹಾಕಸು,” ಅಂದಳು.

ಅಷ್ಟಾದರೂ ನಾನು ಮೊದಲು ಹಿಡಿದದ್ದು ಕಳ್ಳದಾರಿಯನ್ನೇ. ಸೋಮವಾರ ಒಂದು ತಿದ್ದುಪಡಿ ಚೀಟಿ ಟೈಪು ಮಾಡಿದೆ: “ಪುಟ 11ರಲ್ಲಿ ಹೇಳಿದ ಪದ್ಧತಿಗೆ ಬೇರೆ ಕಾರಣಗಳೂ ಇದ್ದಂತೆ ತಿಳಿದುಬಂದಿದೆ.” ಸಹಿ ಹಾಕದೆ ಫೈಲಿಗೆ ಸೇರಿಸಿ ಕಳಿಸಿದೆ. ಇಂಜಿನಿಯರು ಸಂಜೆಯೇ ಫೈಲು ಹಿಡಿದು ಬಂದರು. “ಯಾರಿಗೆ ತಿಳಿದುಬಂದದ್ರಿ ಇದು? ಸಹಿ ಇಲ್ಲ, ಪುರಾವೆ ಇಲ್ಲ. ಬರೋ ಸೋಮವಾರ ನೆಲದ ಕಾಂಕ್ರೀಟ್ ಹಾಕಾಕತ್ತೀವಿ. ಒಮ್ಮೆ ಹಾಕಿದ್ರ ಮುಗೀತು, ಪೈಪಿಗಂತ ಒಡಿಯಾಕ ಆಗಂಗಿಲ್ಲ. ಬೇಕಂದ್ರ ಕಮಿಟಿ ಮುಂದ ಇಡ್ರಿ, ಶುಕ್ರವಾರ ಸಭಾ ಅದ.”

ಪುರಾವೆ ಎಂದರೆ ರಿಜಿಸ್ಟರ್. ಅದನ್ನು ಟಿಪ್ಪಣಿ ಮುಗಿದ ಮೇಲೆ ಜೋಪಾನಕ್ಕೆಂದು ಯಾದಗಿರಿಗೆ ಕಳಿಸಿದ್ದೆವು, ಕಟ್ಟು ಕಟ್ಟಿ ಚೀಟಿ ಅಂಟಿಸಿದವನು ನಾನೇ. ಬುಧವಾರ ರಜೆ ಹಾಕಿ ಹೋದೆ. ದಾಖಲೆ ಕೋಣೆಯಲ್ಲಿ ಅರ್ಜಿ ಕೊಡಿ ಅಂದರು, ಕೊಟ್ಟೆ. ಕಟ್ಟುಗಳನ್ನು ಇನ್ನೂ ಬಿಚ್ಚಿ ಜೋಡಿಸಿಲ್ಲ, ಹದಿನೈದು ದಿನವಾದರೂ ಬೇಕು ಅಂದರು. ಅವರದ್ದೂ ತಪ್ಪಿಲ್ಲ, ಕೋಣೆಯ ತುಂಬ ಕಟ್ಟುಗಳು ಸೂರಿನ ತನಕ ಇದ್ದವು. ಬಸ್ಸಿನಲ್ಲಿ ವಾಪಸು ಬರುವಾಗ ಇನ್ನೊಂದು ಪುರಾವೆ ಇದೆಯೆಂದು ಗೊತ್ತಿತ್ತು. ಅದು ನನ್ನ ನೋಟುಬುಕ್ಕು. ಎಡಪುಟದಲ್ಲಿ ಷರತ್ತು ನನ್ನ ದುಂಡಕ್ಷರದಲ್ಲೇ ಇತ್ತು, ತಾರೀಖು ಸಮೇತ. ಅದನ್ನು ಮೇಜಿನ ಮೇಲಿಟ್ಟರೆ ನೀರಿನ ಷರತ್ತೂ ಸಾಬೀತಾಗುತ್ತದೆ, ಗೊತ್ತಿದ್ದೂ ನಾನು ಸುಳ್ಳು ಬರೆದದ್ದೂ ಸಾಬೀತಾಗುತ್ತದೆ.

ಗುರುವಾರ ಮುಂಜಾನೆ ಉಸ್ತಾದರ ಮನೆಗೆ ಹೋದೆ. ಎಡಪುಟದಲ್ಲಿರುವುದು ತಾವು ಓದಿ ಹೇಳಿದ್ದೇ ಎಂದು ಕೆಳಗೆ ಬರೆದು ಸಹಿ ಮಾಡಿಕೊಡಬೇಕು ಎಂದು ಕೇಳಿದೆ. ಆ ಪುಟವನ್ನಷ್ಟೇ ಬೇರೆ ಹಾಳೆಗೆ ನಕಲು ಮಾಡಿ ತರಲೇ ಎಂದೂ ಮೆಲ್ಲಗೆ ಕೇಳಿದೆ. ಅವರು ಕನ್ನಡಕ ತೆಗೆದರು.

“ಬಲಗಡೆ ಪುಟ ಯಾರಿಗೂ ಕಾಣಬಾರ್ದು ಅಂತೀರೇನು?”

ನಾನು ಪೆನ್ನಿನ ಮುಚ್ಚಳ ತಿರುವುತ್ತ ಕೂತೆ.

“ನನ್ನ ಸಹಿ ಬೇಕಂದ್ರ ಈ ಬುಕ್ಕಿನ ಮ್ಯಾಲೇ ಮಾಡ್ತೀನಿ. ಬ್ಯಾರೆ ಹಾಳಿ ಮ್ಯಾಲ ಮಾಡಂಗಿಲ್ಲ.” ನೋಟುಬುಕ್ಕಿನ ಮೇಲೆಯೇ ಉರ್ದುವಿನಲ್ಲೂ ಕನ್ನಡದಲ್ಲೂ ಬರೆದು ಸಹಿ ಮಾಡಿದರು. “ಈಗ ಚಹಾ ಕುಡೀರಿ,” ಅಂದರು.

ಶುಕ್ರವಾರದ ಸಭೆಯಲ್ಲಿ ಮುಖ್ಯಾಧಿಕಾರಿಗಳು, ಇಂಜಿನಿಯರು, ವ್ಯಾಪಾರಿ ಸಂಘದ ಅಧ್ಯಕ್ಷರು ಇದ್ದರು. ನಡಾವಳಿ ಬರೆಯಲು ನಾನು. ಕೊನೆಯ ಸಾಲಿನ ವಿಷಯ ಬಂದಾಗ ನೋಟುಬುಕ್ಕನ್ನು ಬಿಡಿಸಿ ಮೇಜಿನ ನಡುವೆ ಇಟ್ಟೆ. ಮುಖ್ಯಾಧಿಕಾರಿಗಳು ಎಡಪುಟ ಓದಿದರು, ಬಲಪುಟ ಓದಿದರು, ಮತ್ತೆ ಎಡಕ್ಕೆ ಬಂದರು.

ಸಂಘದ ಅಧ್ಯಕ್ಷರು, “ಅವೆಲ್ಲ ಹಿಂದಿನ ಕಾಲದ್ದು ಬಿಡ್ರಿ. ಈಗ ಯಾರು ಅವ್ರಿಗೆ ನೀರು ಹೊಡಿಬ್ಯಾಡ ಅಂದಾರ? ಅವ್ರೇ ಖುಷಿಲಿಂದ ಹೊಡಿಯಂಗಿಲ್ಲ. ಇವ್ರೇ ಬರ್ದಾರಲ್ಲ,” ಅಂದರು.

“ನಾ ಸುಳ್ಳು ಬರದೀನ್ರಿ,” ಅಂದೆ.

ಮುಖ್ಯಾಧಿಕಾರಿಗಳು ಪುಟದ ಮೇಲೆ ಬೆರಳಿಟ್ಟು ಕೇಳಿದರು. “ಇದು ನಿಮಗ ಮೊದಲೇ ಗೊತ್ತಿತ್ತು. ಮತ್ತ ಯಾಕ ಹಂಗ ಬರದ್ರಿ?”

ಹೇಳಲು ಬಹಳ ಇತ್ತು. ಬಾಯಿಂದ ಬಂದದ್ದು ಒಂದೇ ಮಾತು. “ನಮ್ಮವ್ವ ಅಲ್ಲೇ ಕುಂದ್ರತಿದ್ಲು ಸರ್. ಆ ಗೇಟಿನ ಹೊರಗ. ನಾ ಅದನ್ನ ಯಾರಿಗೂ ಹೇಳಿದ್ದಿಲ್ಲ.”

ಸಂಘದ ಅಧ್ಯಕ್ಷರು ನನ್ನ ಮುಖ ನೋಡದೆ, “ಆತು, ಒಂದು ನಳ ಹಾಕಿ ಮುಗಸ್ರಿ. ಈ ಮಾತು ಹೊರಗ ಬ್ಯಾಡ,” ಅಂದರು. ಇಂಜಿನಿಯರು ಕೂಡಲೇ ನಕ್ಷೆ ಬಿಡಿಸಿ ಪೆನ್ಸಿಲಿನ ಬರಹ ಅಳಿಸಿದರು. ಒಂದು ನಳ ಸಾಲದು, ಒಂಬತ್ತು ಕಟ್ಟೆಗೆ ಎರಡಾದರೂ ಬೇಕು, ಗಟಾರವೂ ಬೇಕು ಎಂದು ಅವರೇ ಹೇಳಿ ಗೆರೆ ಎಳೆದರು. ಬಾಗಿಲಿನ ಕಲ್ಲಿನ ಮಾತು ಎತ್ತಿದೆ. ಅದು ಆಗಲೇ ಕೆತ್ತಿ ಬಂದಿದೆ, ದಾನ ಕೊಟ್ಟವರ ಮನಸ್ಸು ನೋಯಿಸುವುದು ಬೇಡ, ಮುಂದೆ ನೋಡೋಣ ಎಂದು ಮುಖ್ಯಾಧಿಕಾರಿಗಳು ಹೇಳಿದರು. ಆಮೇಲೆ ಅವರೇ ನಡಾವಳಿ ಹೇಳಿ ಬರೆಸಿದರು: “ತಾಂತ್ರಿಕ ಕಾರಣಗಳಿಂದಾಗಿ ಕೊನೆಯ ಸಾಲಿಗೆ ಹೆಚ್ಚುವರಿ ನಳಗಳನ್ನು ಒದಗಿಸಲು ತೀರ್ಮಾನಿಸಲಾಯಿತು.” ಒಂದು ಸುಳ್ಳು ಒಪ್ಪಿಕೊಂಡು ಐದು ನಿಮಿಷ ಆಗಿರಲಿಲ್ಲ. ಅದೇ ಪೆನ್ನಿನಿಂದ, ಅದೇ ದುಂಡಕ್ಷರದಲ್ಲಿ ಅದನ್ನೂ ಬರೆದೆ.

ಸೋಮವಾರ ಕಾಂಕ್ರೀಟು ಹಾಕುವಾಗ ಹೋಗಿ ನಿಂತೆ. ಕೊನೆಯ ಸಾಲಿನ ಪೈಪಿನ ಬಾಯಿಗೆ ಸಿಮೆಂಟು ಹೋಗದಂತೆ ಗೋಣಿಯ ಚೂರು ತುರುಕಿದ್ದರು. ಅದು ಸರಿಯಾಗಿದೆಯೇ ಎಂದು ಎರಡು ಸಲ ಬಗ್ಗಿ ನೋಡಿದೆ. ಆಫೀಸಿನಲ್ಲಿ ಸುದ್ದಿ ಹರಡಿತ್ತು, ಯಾರೂ ಏನೂ ಅನ್ನಲಿಲ್ಲ. ಪಕ್ಕದ ಟೇಬಲ್ಲಿನವನು ಮಾತ್ರ ಒಂದು ವಾರ ಮಾತು ಕಡಿಮೆ ಮಾಡಿದ. ನಾನು ಹೇಳಲಿಲ್ಲ ಎಂಬ ಸಿಟ್ಟೋ, ತಾನು ಹೊಗಳಿದ್ದಕ್ಕೆ ನಾಚಿಕೆಯೋ, ಕೇಳುವ ಧೈರ್ಯ ನನಗಿರಲಿಲ್ಲ.

ಮಾರ್ಕೆಟ್ ಶುರುವಾದ ದಿನ ಚಿಗವ್ವ ನಳ ತಿರುವಿ ಚರಿಗೆ ತುಂಬಿಕೊಂಡಳು. ಉಳಿದ ಎಂಟೂ ಮಂದಿ ಎದ್ದು ನಿಂತು ನೋಡಿದರು. ಬಲಗೈ ಅದ್ದಿ, ಬೆರಳು ಬಿಚ್ಚಿ ಪುಂಡಿಪಲ್ಯದ ಮೇಲೆ ನೀರು ಹೊಡೆದಳು. ಇನ್ನು ಮುಗಿಯಿತು ಎಂದುಕೊಂಡು ನಾನು ಆಫೀಸಿಗೆ ಹೋದೆ.

ಮುಗಿದಿರಲಿಲ್ಲ. ಎಂಟು ದಿನ ಬಿಟ್ಟು ಹೋದರೆ ನಳ ಮುಚ್ಚಿತ್ತು, ಪಲ್ಯ ಒಣಗಿತ್ತು. ಬರುವವರೆಲ್ಲ ಬಾಗಿಲಿನಲ್ಲಿ ನಿಂತು ಕಲ್ಲು ಓದುತ್ತಿದ್ದರಂತೆ. ಓದಿಕೊಂಡು ಕೊನೆಯ ಸಾಲಿಗೆ ಬಂದು, ನೀರು ಹೊಡೆಯದವರು ನೀವೇ ಅಲ್ಲವೇ ಎಂದು ಕೇಳುತ್ತಿದ್ದರಂತೆ. ಹೊಡೆದಿದ್ದೇವೆ ಅಂದರೆ, ಹಾಗಾದರೆ ನಿಮ್ಮ ಹತ್ತಿರ ಯಾಕೆ ಕೊಳ್ಳಬೇಕು ಎಂದು ಮುಂದೆ ಹೋಗುತ್ತಿದ್ದರಂತೆ. ಹಿಂದೆ ಮೈಲಿಗೆಗೆ ಹೆದರಿ ಒಣ ಪಲ್ಯ ಕೇಳುತ್ತಿದ್ದರು, ಈಗ ನನ್ನ ವಾಕ್ಯ ಓದಿ ಕೇಳುತ್ತಿದ್ದರು. ಮಧ್ಯಾಹ್ನಕ್ಕೆ ಬಾಡುವುದು ಮಾತ್ರ ಅದೇ ಪಲ್ಯ.

“ಕಲ್ಲು ತಗಸು,” ಅಂದಳು ಚಿಗವ್ವ.

“ಅರ್ಜಿ ಕೊಟ್ಟೀನಿ ಚಿಗವ್ವ. ಟೈಮು ಹಿಡೀತದ.”

“ಹಂಗಾದ್ರ ತಗಿಯೋ ತನಕ ನೀನೇ ಬಂದು ಇಲ್ಲಿ ಕುಂದ್ರು. ಬಂದವರಿಗೆಲ್ಲ ನೀನೇ ಹೇಳು. ಬರದಾವ ನೀನೇ ಅಲ್ಲ?”

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ತನ್ನ ಕಟ್ಟೆಯ ಮೇಲಿದ್ದ ಬುಟ್ಟಿ ಸರಿಸಿ ಒಬ್ಬರು ಕೂಡುವಷ್ಟು ಜಾಗ ಮಾಡಿದಳು.

ಮರುದಿನ ಏಳು ಗಂಟೆಗೆ ಹೋದೆ. ಕೂಡುವುದು ಇಷ್ಟು ಕಷ್ಟ ಎಂದು ತಿಳಿದಿರಲಿಲ್ಲ. ಹೋಗಿ ಬರುವವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು, ಕುತ್ತಿಗೆ ಎತ್ತಲಾಗಲಿಲ್ಲ. ಒಂಬತ್ತಕ್ಕೆ ಸ್ವಲ್ಪ ಮೊದಲು ಪಕ್ಕದ ಟೇಬಲ್ಲಿನವನು ಹೆಂಡತಿಯ ಜೊತೆ ಚೀಲ ಹಿಡಿದು ಬಂದ. ನನ್ನನ್ನು ನೋಡಿ ಕಾಲು ಅಲ್ಲೇ ನಿಂತವು. ನಾನು ಯೋಚನೆ ಮಾಡುವ ಮೊದಲೇ ಕಟ್ಟೆಯಿಂದ ಎದ್ದುಬಿಟ್ಟಿದ್ದೆ. ಕೊಳ್ಳಲು ಬಂದವನ ಹಾಗೆ ಆಚೆ ಈಚೆ ನೋಡುತ್ತ ನಿಂತೆ. ಚಿಗವ್ವ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು. ಕೂತೆ.

ಅವನ ಹೆಂಡತಿಗೆ ನಾನು ಯಾರೆಂದು ಗೊತ್ತಿರಲಿಲ್ಲ. “ಮೆಂತ್ಯ ಹೆಂಗ್ರಿ? ನೀರು ಹೊಡದಿಲ್ಲ ಹೌದಿಲ್ಲ? ಅಲ್ಲಿ ಕಲ್ಲಿನ ಮ್ಯಾಲ ಬರ್ದಾರ,” ಅಂದಳು.

ಅವನು ತಲೆ ತಗ್ಗಿಸಿದ. ನಾನು ಚರಿಗೆಯಲ್ಲಿ ಕೈ ಅದ್ದಿ ಪಲ್ಯಕ್ಕೆ ನೀರು ಹೊಡೆದೆ. ಒಂದು ಕಟ್ಟು ಎತ್ತಿ ಅವಳ ಮುಂದೆ ಹಿಡಿದೆ, ನೀರು ಮೊಣಕೈ ತನಕ ಇಳಿಯಿತು.

“ಹೊಡದೀವ್ರಿ ಅಕ್ಕಾರ,” ಅಂದೆ. “ಮುಟ್ಟಿ ನೋಡ್ರಿ.”